ಸೇತುವೆ ಮೇಲೆ ಎರಡು ಲಾರಿ

"ಪೋಂ ಪೋಂ! ದಾರಿ ಬಿಡೇ ಅಕ್ಕಾ!" ತಮ್ಮ ಅರಚಿದ.

"ನೀನೇ ಹಿಂದಕ್ಕೆ ಹೋಗೋ!" ಅಂದಳು ಚಿನಕುರುಳಿ. ಬಾಯಿ ಸದಾ ಪಟಪಟ ಸಿಡಿಯುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ಅದೇ ಹೆಸರು.

ನೆಲದ ಮೇಲೆ ಅಮ್ಮನ ದೊಡ್ಡ ನಕ್ಷೆ ಹರಡಿತ್ತು. ಬೆಂಕಿಪೊಟ್ಟಣಗಳೇ ಲಾರಿಗಳು. ಅಮ್ಮ ಕೆಲಸ ಮಾಡುವುದು ಮರದ ಮಿಲ್ಲಿನಲ್ಲಿ. ದಿಮ್ಮಿ ತರುವ ಲಾರಿಗಳು ಯಾವ ದಾರಿಯಲ್ಲಿ ಬರಬೇಕೆಂದು ಗೊತ್ತುಮಾಡುವವಳು ಅವಳೇ. ಡೀಸೆಲ್ ಖರ್ಚು ಇಳಿಯಬೇಕು, ಹೊಗೆಯೂ ಕಮ್ಮಿಯಾಗಬೇಕು, ನಾಳೆಯೊಳಗೆ ಹೊಸ ಪ್ಲಾನ್ ಬೇಕು ಎಂದು ಸಾಹುಕಾರರು ಹೇಳಿಬಿಟ್ಟಿದ್ದರು.

"ಅಮ್ಮಾ, ನಾಳೆ ನನ್ನ ನಾಟಕಕ್ಕೆ ಬರ್ತೀಯ ತಾನೆ?"

"ಇದು ಮುಗಿದ್ರೆ ಬರ್ತೀನಿ ಕಣೆ. ಎಷ್ಟು ತಿಣುಕಿದ್ರೂ ಮುಗೀತಿಲ್ಲ."

"ನಂಗೊಂದು ಸಿಂಹದ ಬಾಲ ಹೊಲಿದುಕೊಡು."

"ನಿನ್ನ ಬಾಲ ಕೆಳಗಿನ ಮನೆ ಬಟಾಣಿ ಹತ್ರ ಇದೆಯಲ್ಲ?"

ಹೌದು, ರಿಹರ್ಸಲ್ ದಿನ ಗೆಳತಿಯರಿಬ್ಬರ ಬ್ಯಾಗು ಅದಲುಬದಲಾಗಿತ್ತು. ಬಟಾಣಿಯ ಮೊಲದ ಕಿವಿ ಇಲ್ಲಿ, ಇವಳ ಬಾಲ ಅಲ್ಲಿ.

"ಅವಳ ಜೊತೆ ಟೂ ಬಿಟ್ಟಿದೀನಿ. ನಾನು ಹೋಗಲ್ಲಪ್ಪ!"

ಸೇತುವೆ ಮೇಲೆ ಬೆಂಕಿಪೊಟ್ಟಣಗಳು ಢಿಕ್ಕಿ ಹೊಡೆದವು.

"ಅಮ್ಮಾ, ನನ್ನ ಲಾರಿ ಎಲ್ಲಿಂದ ಬರ್ತಿದೆ?"

"ಹೊಳೆ ಆಚೆ ಕಾಡಿಂದ ಈಚೆ ನಮ್ಮ ಮಿಲ್ಲಿಗೆ. ತಮ್ಮಂದು ಬೇರೆಯವರ ಲಾರಿ. ಈಚೆ ಕಾಡಿಂದ ಆಚೆ ಅವರ ಮಿಲ್ಲಿಗೆ."

"ಎರಡರಲ್ಲೂ ಒಂದೇ ಥರ ಮರಾನಾ?"

"ಹೂಂ."

"ಮತ್ತೆ ಆಚೆ ಮರ ಅವರಿಗೆ, ಈಚೆ ಮರ ನಿಮಗೆ ಅಂದ್ರೆ ಯಾರೂ ಸೇತುವೆ ದಾಟೋದೇ ಬೇಡ!"

"ಗೊತ್ತು ಕಣೆ. ಆದ್ರೆ ಇಬ್ಬರು ಸಾಹುಕಾರರಿಗೂ ಮಾತಿಲ್ಲ. ಹಳೇ ಜಗಳ."

"ಅಯ್ಯೋ, ದೊಡ್ಡೋರೂ ಟೂ ಬಿಡ್ತಾರಾ?"

ತಮ್ಮ ಕಿಸಕ್ಕನೆ ನಕ್ಕ. ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ಗಟ್ಟಿ ಮನಸ್ಸು ಮಾಡಿ ತನ್ನ ಸಾಹುಕಾರರಿಗೆ ಫೋನ್ ಮಾಡಿದಳು.

"ಸಾರ್, ಬೈಬೇಡಿ, ಒಂದು ಮಾತು..."

ಅಮ್ಮ ಎಲ್ಲ ಹೇಳಿ ಮುಗಿಸಿದಳು. ಆಚೆಯಿಂದ ಒಂದು ಕೆಮ್ಮು ಕೇಳಿಸಿತು.

"ನೋಡ್ತೀನಿ ಇರಮ್ಮ."

ಸ್ವಲ್ಪ ಹೊತ್ತಿಗೆ ಸಾಹುಕಾರರೇ ಫೋನ್ ಮಾಡಿದರು. "ಆಚೆ ಮಿಲ್ಲಿನವನು ಒಪ್ಪಿಬಿಟ್ಟ ಕಣಮ್ಮ! ಇಷ್ಟು ವರ್ಷ ನನ್ನ ಫೋನಿಗೇ ಕಾಯ್ತಿದ್ದನಂತೆ, ಪುಣ್ಯಾತ್ಮ!"

"ನಾಳೆ ನಾಟಕಕ್ಕೆ ಮೊದಲನೇ ಸಾಲಲ್ಲಿ ನಾನೇ!" ಅಮ್ಮ ಮಗಳನ್ನು ಎತ್ತಿ ಗಿರಗಿರ ತಿರುಗಿಸಿದಳು. ಚಿನಕುರುಳಿಗೆ ಖುಷಿಯೋ ಖುಷಿ.

ಅಮ್ಮನ ತೋಳಿಂದ ಇಳಿದಾಗ ಗೂಟಕ್ಕೆ ನೇತುಹಾಕಿದ್ದ ಮೊಲದ ಕಿವಿ ಕಣ್ಣಿಗೆ ಬಿತ್ತು. ಅದನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋಗಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದವಳು ಬಟಾಣಿಯೇ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಅವಳಪ್ಪನ ಬಿಳಿ ಕಾಲುಚೀಲ. ಅರ್ಧ ಕತ್ತರಿಸಿಯಾಗಿತ್ತು. ಒಂದು ಸೊಟ್ಟ ಕಿವಿ ನೆಲದ ಮೇಲೆ ಬಿದ್ದಿತ್ತು.

"ಇವತ್ತೂ ಬರಲ್ವೇನೋ ಅಂದ್ಕೊಂಡಿದ್ದೆ," ಅಂದಳು ಬಟಾಣಿ.

ಚಿನಕುರುಳಿ ಕಿವಿಯನ್ನು ಮುಂದೆ ಚಾಚಿದಳು. ಬಟಾಣಿ ಬಾಲ ತರಲು ಒಳಗೆ ಓಡಿದಳು.