ಬಾಚಣಿಗೆಯಲ್ಲಿ ಉಳಿದ ಕೂದಲು

"ಬಾಯಮ್ಮ, ಆ ಬಾಚಣಿಗೆ ಮಾತ್ರ ಮುಟ್ಟಬೇಡಿ," ಎಂದಳು ಎದುರು ಫ್ಲ್ಯಾಟಿನ ವಾರಿಜಾಕ್ಷಿ, ಕೋಣೆಯೊಳಗೆ ಕಾಲಿಡದೆ. "ಹಾಕಿದ ಟೊಪ್ಪಿ, ಬೆವರು ಒರೆಸಿದ ಕರ್ಚೀಫು, ಬಾಚಿದ ಕೂದಲು... ನಮ್ಮ ಊರಲ್ಲಿ ಮಾಟ ಮಾಡುವವ ಕೇಳುವುದು ಇದನ್ನೇ ಅಲ್ವಾ? ನಿಮ್ಮ ಗಂಡ ಎಲ್ಲ ಒಂದೇ ಕಡೆ ಸೇರಿಸಿಟ್ಟಿದ್ದಾರೆ. ಕರೆದ ಹಾಗೇ ಆಯ್ತು. ಅದರೊಟ್ಟಿಗೆ ನಿಮ್ಮದು ಎಂತದೂ ಸೇರಬಾರದು."

ಡೆಲ್ಫಿನ್ ನಕ್ಕಳು. "ಕರೆದರೂ ಬರುವುದು ಹೇಗೆ ಮಾರಾಯ್ತಿ? ಸತ್ತವನಿಗೆ ವೀಸಾ ಯಾರು ಕೊಡ್ತಾರೆ?"

ವಾರಿಜಾಕ್ಷಿ ನಗಲಿಲ್ಲ. ಮೂಗಿಗೆ ಸೆರಗು ಹಿಡಿದು ಹೊರಟುಹೋದಳು.

ಸತ್ತವನ ಹೆಸರು ಓರಿನ್ ಟ್ಯಾಕೆಟ್. ಅಮೆರಿಕದ ಗುಡ್ಡಗಾಡಿನ ಬ್ಲೂಗ್ರಾಸ್ ಸಂಗೀತದಲ್ಲಿ ದೊಡ್ಡ ಹೆಸರು. ಬ್ಯಾಂಜೊ ನುಡಿಸುತ್ತ ಮೂಗಿನಲ್ಲಿ ಹಾಡುತ್ತಿದ್ದ. ಅವನು ಮುಟ್ಟಿದ್ದು, ತೊಟ್ಟದ್ದು ಎಲ್ಲಿ ಸಿಕ್ಕರೂ ಡೆಲ್ಫಿನಳ ಗಂಡ ಸೆಡ್ರಿಕ್ ತರಿಸುತ್ತಿದ್ದ. ದುಬೈಯ ಅಲ್ ನಹ್ದಾದ ಆ ಫ್ಲ್ಯಾಟಿನ ಎರಡನೆಯ ಕೋಣೆಯಲ್ಲಿ ಗಾಜಿನ ಕಪಾಟು. ಒಳಗೆ ಟೊಪ್ಪಿ, ಕರ್ಚೀಫು, ತಂತಿ ಮೀಟಲು ಬೆರಳಿಗೆ ತೊಡುವ ಮೂರು ತಗಡಿನ ಉಗುರು, ಬಾಚಣಿಗೆ. ಪ್ರತಿಯೊಂದರ ಕೆಳಗೂ ಅಚ್ಚುಕಟ್ಟಾಗಿ ಟೈಪ್ ಮಾಡಿದ ಚೀಟಿ. ಬಣ್ಣ ಮಾಸಬಾರದೆಂದು ದಪ್ಪ ಪರದೆ, ಹಗಲಿರುಳು ಎಸಿ.

ಹದಿನೇಳು ವರ್ಷ ಡೆಲ್ಫಿನ್ ಮಂಗಳೂರಿನಲ್ಲಿ ಅತ್ತೆಯ ಮಲಮೂತ್ರ ತೆಗೆಯುತ್ತ, ವರ್ಷಕ್ಕೊಂದು ತಿಂಗಳು ಬರುವ ಗಂಡನಿಗಾಗಿ ಕಾದಿದ್ದಳು. ಅತ್ತೆ ಹೋದ ಮೇಲೆ, ಎರಡು ಸಾವಿರದ ಹದಿನಾಲ್ಕರಲ್ಲಿ, ದುಬೈಗೆ ಬಂದು ಮೂರು ವಾರವಾಗಿತ್ತು. ಮುಂದಿನ ವಾರ ಮಗಳು ನತಾಶಾ ಬರುವವಳಿದ್ದಳು. ಅವಳಿಗೊಂದು ಕೋಣೆ ಬೇಕು.

"ಸೋಫಾದಲ್ಲಿ ಮಲಗಲಿ. ಇಲ್ಲಿ ಮನುಷ್ಯರ ಉಸಿರು ತಾಗಿದರೆ ಟೊಪ್ಪಿಗೆ ಬೂಸು ಹಿಡೀತದೆ," ಎಂದಿದ್ದ ಸೆಡ್ರಿಕ್.

"ಅವಳು ನಿಮ್ಮ ಮಗಳು."

"ನಿನಗೆ ಇದೆಲ್ಲ ಅರ್ಥ ಆಗುವುದಿಲ್ಲ ಡೆಲ್ಫಿನ್. ಮೀನು ಸಾರು ಮಾಡು, ಹೋಗು."

ಅಂದಿನಿಂದ ಅವಳಿಗೆ ಅವನ ಮೇಲೆ ಸಿಟ್ಟೂ ಉಳಿಯಲಿಲ್ಲ. ಉಳಿದದ್ದು ತಾತ್ಸಾರ. ಐವತ್ತು ದಾಟಿದ ಗಂಡಸು, ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಟೈ ಕಟ್ಟಿ ಕೂರುವವನು, ಮನೆಗೆ ಬಂದು ಯಾವನದೋ ತಲೆಹೊಟ್ಟಿನ ಮುಂದೆ ಕೈಕಟ್ಟಿ ನಿಲ್ಲುವುದು! ಇವನಿಗಾಗಿಯೇ ತಾನು ಕಾದದ್ದು?

ವಾರದ ರಜೆಯಾದ ಶುಕ್ರವಾರ ಅವನು ಊದ್ ಮೇಥಾದ ಚರ್ಚಿಗೆ ಪೂಜೆಗೆ ಹೋದ. ತಲೆನೋವೆಂದು ಅವಳು ಮನೆಯಲ್ಲೇ ಉಳಿದಳು. ಹೊರಗೆ ಮರಳುಗಾಳಿ ಎದ್ದು ಮಧ್ಯಾಹ್ನವೇ ಮಬ್ಬಾಗಿತ್ತು. ಅವಳು ಕಪಾಟು ತೆರೆದು, ಬಾಚಣಿಗೆಯ ಹಲ್ಲುಗಳಲ್ಲಿ ಸಿಕ್ಕಿದ್ದ ಮೂರು ನರೆಗೂದಲನ್ನು ಚಿಮಟದಿಂದ ಎಳೆದಳು. ಕಕ್ಕಸಿಗೆ ಹಾಕಿ ನೀರು ಬಿಟ್ಟಳು. ತನ್ನ ತಲೆಯಿಂದ ಮೂರು ಬಿಳಿ ಎಳೆ ಕಿತ್ತು ಅದೇ ಜಾಗದಲ್ಲಿ ಸುತ್ತಿದಳು. ಅವನು ಬಂದು ಕೈಮುಗಿಯಲಿ. ಆಗ ಹೇಳುತ್ತೇನೆ, ಅದು ನಿಮ್ಮ ಹೆಂಡತಿಯ ಕೂದಲು ಎಂದು. ನಾಚಿಕೆಯಾಗಿ ನಾಳೆಯೇ ಕೋಣೆ ಖಾಲಿ ಮಾಡುತ್ತಾನೆ.

ಅಡುಗೆಮನೆಯಲ್ಲಿ ಬಂಗಡೆ ತೊಳೆಯುವಾಗ ಮೀನಿನ ವಾಸನೆ ಬರಲಿಲ್ಲ. ಹೊಗೆಸೊಪ್ಪಿನ ವಾಸನೆ. ಹಳೆಯ ಬೆವರಿನದು. ಹಸಿ ಮರದ ಅಂಟಿನದು. ಕಿಟಕಿ ಮುಚ್ಚಿಯೇ ಇತ್ತು. ಟಕಟಕ ಎಂಬ ಸದ್ದು ಕೇಳಿ ತಿರುಗಿದಳು. ಯಾರೂ ಇಲ್ಲ. ತನ್ನದೇ ಬಲಗೈ ಸಿಂಕಿನ ತಗಡಿನ ಮೇಲೆ ಕುಣಿಯುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಎಡಗೈಯಿಂದ ಅದನ್ನು ಅದುಮಿ ಹಿಡಿದಳು. ಬಿಟ್ಟ ಕೂಡಲೇ ಮತ್ತೆ ಶುರು.

ನರಗಳ ನಿಶ್ಶಕ್ತಿ ಎಂದುಕೊಂಡಳು. ಪಕ್ಕದ ಕೋಣೆಯಲ್ಲಿ ಕಪಾಟಿನ ಗಾಜು ಸಣ್ಣಗೆ ಝೇಂಕರಿಸುತ್ತಿತ್ತು.

ಸೆಡ್ರಿಕ್ ಬಂದವನೇ ಚಪ್ಪಲಿ ಬಿಟ್ಟು ನೇರ ಆ ಕೋಣೆಗೆ ಹೋದ. ಬಾಚಣಿಗೆಯ ಮುಂದೆ ತಲೆ ಬಾಗಿಸಿ, ಹಿಂದೆಯೇ ಬಂದ ಅವಳತ್ತ ತಿರುಗಿದ. "ನೋಡು, ಓರಿನ್ ಸರ್ ಕೂದಲು. ಬೆಳ್ಳಿ ಹಾಗೆ ಹೊಳೀತದೆ. ನಿಮ್ಮಂಥವರಿಗೆಲ್ಲ ಎಲ್ಲಿ ಬರಬೇಕು!"

ಇದೇ ಹೊತ್ತಿಗಾಗಿ ಅವಳು ಕಾದಿದ್ದಳು. ನಗು ಒತ್ತರಿಸಿ ಬಂತು. ಬಾಯಿ ತೆರೆದಳು.

ಹೊಗೆಸೊಪ್ಪಿನ ಕಹಿ ನಾಲಗೆಯ ಮೇಲೆ ಹರಿಯಿತು. ಗಂಟಲಲ್ಲಿ ಏನೋ ಹೊರಳಿತು. ಬಂದದ್ದು ಅವಳ ದನಿಯಲ್ಲ. ಮೂಗಿನಿಂದ ಎಳೆದ, ಎತ್ತರದ, ಒಬ್ಬ ಮುದುಕನ ಹಾಡು. ಅವಳು ತುಟಿ ಕಚ್ಚಿದಳು. ಹಾಡು ನಿಲ್ಲಲಿಲ್ಲ. ಬಾಯಿಗೆ ಕೈ ಒತ್ತಿದಳು. ಬೆರಳು ಕುಣಿದವು. ಓಡಲು ನೋಡಿದಳು. ಕಾಲು ತಾಳ ಹಾಕಿತು. ಅದು ನನ್ನ ಕೂದಲು, ನನ್ನದು, ಡೆಲ್ಫಿನಳದ್ದು! ಒಳಗೆ ಕಿರುಚಿದಳು. ಹೊರಗೆ ಹಾಡು ಮಾತ್ರ ಕೇಳಿತು.

ಸೆಡ್ರಿಕ್ ಗೋಡೆಗೆ ಆತುಕೊಂಡ. ಮುಖ ಬಿಳಿಚಿತ್ತು. ಮೆಲ್ಲಗೆ ಆ ಮುಖದಲ್ಲಿ ಅವಳು ಎಂದೂ ಕಂಡಿರದ ಬೆಳಕು ಮೂಡಿತು.

ಮೇಜಿನ ಮೇಲಿದ್ದ ಅವಳ ಫೋನು ರಿಂಗಾಯಿತು. ಅವನು ಅದನ್ನೆತ್ತಿ ಸ್ಪೀಕರಿಗೆ ಹಾಕಿದ.

"ಮಮ್ಮಾ, ಟಿಕೆಟ್ ಬಂತು! ನನ್ನ ರೂಮ್ ರೆಡಿ ಉಂಟಾ?"

ಅವಳು ಇದ್ದ ಬಲವನ್ನೆಲ್ಲ ನಾಲಗೆಗೆ ತಂದಳು. ಮಗಳ ಹೆಸರೊಂದನ್ನಾದರೂ. ಮುದುಕ ಹಾಡಿದ.

"ಹೂ ಈಸ್ ದಿಸ್? ಡ್ಯಾಡಾ, ಯಾರದು? ವೇರ್ ಈಸ್ ಮೈ ಮಾಮ್?"

"ನೀನು ಈಗ ಬರುವುದು ಬೇಡ," ಎಂದ ಸೆಡ್ರಿಕ್, ಕಣ್ಣನ್ನು ಅವಳ ಮೇಲಿಂದ ಕದಲಿಸದೆ. "ಇಲ್ಲಿ ಕೋಣೆ ಇಲ್ಲ. ಖಲಾಸ್." ಫೋನು ಇಟ್ಟ.

ಕುರ್ಚಿ ಎಳೆದು ತಂದ, ಅಂಗೈಯಿಂದ ಧೂಳು ಒರೆಸಿದ. "ಬನ್ನಿ ಸರ್, ಕೂತ್ಕೊಳ್ಳಿ."

ಅವಳು ಕುಳಿತಳು. ಅವನು ಹಿಂದೆ ಬಂದು ನಿಂತು, ನೋವಾಗದಂತೆ, ಕಪಾಟಿನ ಬಾಚಣಿಗೆಯಿಂದ ಅವಳ ತಲೆ ಬಾಚಿದ. ಹದಿನೇಳು ವರ್ಷಗಳಲ್ಲಿ ಅವನು ಅಷ್ಟು ಮೆತ್ತಗೆ ಅವಳನ್ನು ಮುಟ್ಟಿರಲಿಲ್ಲ. ಉದುರಿದ ಎಳೆಗಳನ್ನು ಒಂದೊಂದಾಗಿ ಆರಿಸಿ ಕಪಾಟಿನಲ್ಲಿಟ್ಟು, ಹೊಸ ಚೀಟಿಯಲ್ಲಿ ಓರಿನ್ ಟ್ಯಾಕೆಟ್ ಎಂದು ಬರೆದ.