ನೌಕೆಯ ಎಂಜಲು

"ಅದೊಂದನ್ನ ಮುಟ್ಟಬೇಡಪ್ಪ," ಅಂದಳು ಸ್ಟುಡಿಯೋ ನಡೆಸುವ ಬೀಟಕ್ಕ. "ಬೇರೆ ಏನು ಬೇಕಾದ್ರೂ ಒರೆಸು, ತೊಳಿ, ಬಿಸಾಕು. ಆ ಸ್ಪಂಜು ಮಾತ್ರ ಇದ್ದ ಹಾಗೇ ಇರಲಿ."

ಮೈಕಿನ ತಲೆಗೆ ಹಾಕುವ ಸ್ಪಂಜಿನ ಟೊಪ್ಪಿ ಅದು. ಒಂದು ಕಾಲಕ್ಕೆ ಕಪ್ಪಗಿದ್ದಿರಬೇಕು. ಈಗ ಪಾಚಿಗಟ್ಟಿದ ಬಚ್ಚಲಿನ ಬಣ್ಣ. ಹಾಡಿದವರ ಉಗುಳೆಲ್ಲ ಪದರ ಪದರವಾಗಿ ಒಣಗಿ ತೊಗಟೆಯಾಗಿತ್ತು. ಹತ್ತಿರ ಹೋದರೆ ಹುಳುಕು ಹಲ್ಲಿನ ನಾತ. ಹೊಸದಾಗಿ ಬಂದ ಸೌಂಡ್ ಇಂಜಿನಿಯರು ಮೂಗು ಮುಚ್ಚಿಕೊಂಡೇ ನಕ್ಕ.

"ಯಾಕೆ, ಒಳಗೆ ದೆವ್ವ ಇದೆಯಾ?"

"ನನ್ನ ತಮ್ಮ ಮಾಟ ಮಾಡಿಸಿ ಇಟ್ಟದ್ದು. ರ‍್ಯಾಪ್ ಮಾಡುವಾಗ ಉಸಿರು ತುಂಡಾಗಬಾರದು ಅಂತ. ಹಾಡುವವರ ಎಂಜಲು ಕುಡಿದು ಅದು ಸುಮ್ಮನೆ ಬಿದ್ದಿರುತ್ತೆ."

"ಬಿಡಕ್ಕ, ನಿಮ್ಮ ಆಲ್ಬಮ್ಮಿನ ಕತೇನ ನೀವೇ ನಂಬೋಕೆ ಶುರು ಮಾಡಿದ್ದೀರಿ."

ಆ ಇಂಜಿನಿಯರನ್ನು ಎಲ್ಲರೂ ಕರೆಯುತ್ತಿದ್ದುದು ಚೊಕ್ಕಣ್ಣ ಅಂತ. ಕಟ್ಟಿಕೊಂಡ ಹೆಂಡತಿ ಕುಡಿದ ಲೋಟವನ್ನೂ ತೊಳೆದು ಕುಡಿಯುವ ಆಸಾಮಿ. ಕೆಲಸದಲ್ಲೂ ಅದೇ ಚಾಳಿ. ಗಾಯಕರ ಉಸಿರು, ತುಟಿ ಚಪ್ಪರಿಕೆ, ಉಗುಳು ನುಂಗುವ ಸದ್ದು, ಎಲ್ಲವನ್ನೂ ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ಎಸೆಯುತ್ತಿದ್ದ. ಬಾಯಿ ಇಲ್ಲದವರು ಹಾಡಿದರೆ ಅವನಿಗೆ ಇನ್ನೂ ಖುಷಿಯಾಗುತ್ತಿತ್ತೋ ಏನೋ.

ಅಂಥವನ ಪಾಲಿಗೆ ಬಂದದ್ದು ಎಂಜಲಿನ ಆಲ್ಬಮ್ಮು. ಭೂಮಿ ಸತ್ತುಹೋದ ಮೇಲೆ ಉಳಿದವರನ್ನು ತುಂಬಿಕೊಂಡು ಬೇರೊಂದು ನಕ್ಷತ್ರಕ್ಕೆ ಹೊರಟ ನೌಕೆಯ ಕತೆ. ಆ ನೌಕೆಗೆ ಜೀವವಿದೆ. ಉಗ್ರಾಣ ಖಾಲಿಯಾದಾಗ ಅದು ತಾನು ಅಗಿದದ್ದನ್ನೇ ಪ್ರಯಾಣಿಕರಿಗೆ ಉಣಿಸುತ್ತದೆ. ತಾಳಕ್ಕೆ ತಬಲ, ಡ್ರಮ್ಮು ಯಾವುದೂ ಇಲ್ಲ. ನೀರಿನ ಪಂಪು, ತುಕ್ಕು ಹಿಡಿದ ಪೈಪು, ವಾಷಿಂಗ್ ಮಷೀನಿನ ಗುಡುಗುಡು, ಇವನ್ನೇ ಕತ್ತರಿಸಿ ಹೊಲಿದು ಬೀಟಕ್ಕ ಬೀಟು ಕಟ್ಟಿದ್ದಳು. ಅದರ ಮೇಲೆ ತಮ್ಮನ ದನಿ, ಬೀಟಿಗಿಂತ ಅರೆಕ್ಷಣ ಹಿಂದೆ, ಸೋಮಾರಿಯಂತೆ ತೆವಳುತ್ತ ಬರುತ್ತಿತ್ತು:

ಕಿಟಕಿ ಇಲ್ಲದ ಊರು, ತೂಕ ಇಲ್ಲದ ನೀರು,
ನಾನು ಅಗಿದದ್ದು ನಿನಗೆ, ನೀನು ಉಗಿದದ್ದು ಯಾರಿಗೆ?

ತಮ್ಮ ಈಗಿಲ್ಲ. ಒಂದೇ ಹಾಡು ಬಾಕಿ ಉಳಿದಿತ್ತು, ನೌಕೆಯೇ ಬಾಯಿಬಿಟ್ಟು ಹಾಡುವ ಹಾಡು. ಅದಕ್ಕೆ ಹೆಣ್ಣಿನ ದನಿ ಬೇಕಿತ್ತು. ಚೊಕ್ಕಣ್ಣ ಈ ಕೆಲಸ ಒಪ್ಪಿದ್ದೇ ಅದಕ್ಕಾಗಿ. ಗಂಟಲಿನ ಗಡ್ಡೆ ತೆಗೆಸಿಕೊಂಡ ಮೇಲೆ ಅವನ ಹೆಂಡತಿ ಹಾಡುವುದನ್ನೇ ಬಿಟ್ಟಿದ್ದಳು. ಅಡುಗೆಮನೆಯಲ್ಲಿ ಕೂಡ ಗುನುಗುತ್ತಿರಲಿಲ್ಲ. ಮೊನ್ನೆಯಷ್ಟೇ, "ಒಂದು ಸಲ ಪ್ರಯತ್ನ ಮಾಡ್ತೀನಿ. ಆಗಲಿಲ್ಲ ಅಂದ್ರೆ ಮತ್ತೆ ಕೇಳಬೇಡ," ಅಂದಿದ್ದಳು. ಆ ದನಿ ಹಿಂದಿರುಗಲಿ ಎಂಬುದೊಂದೇ ಅವನ ಆಸೆ.

ಅವಳು ಬರುವ ದಿನ ಬೀಟಕ್ಕ ಕೇಬಲ್ ತರಲು ಹೊರಗೆ ಹೋಗಿದ್ದಳು. ಹೆಂಡತಿ ಆ ಗಲೀಜಿಗೆ ಬಾಯಿ ಒಡ್ಡುವುದನ್ನು ನೆನೆಯಲೂ ಅವನಿಂದ ಆಗಲಿಲ್ಲ. ಎರಡು ಬೆರಳಲ್ಲಿ ಸ್ಪಂಜನ್ನು ಕಿತ್ತು ಸಿಂಕಿಗೆ ಹಾಕಿ ಬಿಸಿನೀರು ಬಿಟ್ಟ.

ತೊಗಟೆ ಕರಗಿತು. ಕಂದು ಲೋಳೆ ಎಳೆಎಳೆಯಾಗಿ ಬಿಟ್ಟುಕೊಂಡಿತು. ಎಷ್ಟು ಹಿಂಡಿದರೂ ಮುಗಿಯಲಿಲ್ಲ. ಲೋಳೆಯ ಜೊತೆ ಕೂದಲಿನ ಸಿಂಬಿ ಬಂತು, ಉಗುರಿನ ಚೂರು ಬಂತು, ಕೊನೆಗೆ ಬೇರು ಸಮೇತ ಒಂದು ಹಲ್ಲು. ಅವನು ವಾಕರಿಸುತ್ತಲೇ ಎಲ್ಲವನ್ನೂ ಕಿಂಡಿಗೆ ತಳ್ಳಿದ. ಕಿಂಡಿ ಗುಟುಕ್ ಎಂದಿತು. ಸೋಪು ಹಾಕಿ ಇನ್ನೊಮ್ಮೆ ಹಿಂಡಿದಾಗ ಸ್ಪಂಜು ಅವನ ಬೆರಳನ್ನು ಮೆಲ್ಲಗೆ ತಿರುಗಿ ಹಿಂಡಿದಂತಾಯಿತು. ರಬ್ಬರಿನ ಗುಣ ಅಂದುಕೊಂಡು ಮತ್ತೆ ಮೈಕಿಗೆ ತೊಡಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ಕಾರಣಗಳಿಗೇನು ಬರ.

ಹೆಂಡತಿ ಬಂದಳು. ಹಾಡುವ ಕೋಣೆಗೆ ಕಿಟಕಿ ಇರಲಿಲ್ಲ. ಕಣ್ಣು ಮುಚ್ಚಿ ಹಾಡುತ್ತೇನೆಂದು ಅವಳೇ ದೀಪ ಆರಿಸಿದಳು. ಗಾಜಿನ ಈಚೆ ಕೂತ ಚೊಕ್ಕಣ್ಣ ರೆಕಾರ್ಡಿಂಗ್ ಗುಂಡಿ ಒತ್ತಿದ.

ಅವಳು ಹಾಡಿದಳು. ಅಬ್ಬಾ, ಏನು ದನಿ! ಗಾಯದ ಗುರುತೇ ಇಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು. ಒಂದು ಚರಣ, ಇನ್ನೊಂದು ಚರಣ, ಎಲ್ಲಿಯೂ ತಡೆಯಿಲ್ಲ. ಎಷ್ಟೋ ಹೊತ್ತಾದ ಮೇಲೆ ಅವನಿಗೆ ಹೊಳೆಯಿತು. ಅವಳು ಉಸಿರನ್ನೇ ತೆಗೆದುಕೊಂಡಿಲ್ಲ.

ಬೀಟನ್ನು ನಿಲ್ಲಿಸಿ ಬರಿಯ ದನಿಯನ್ನು ಕೇಳಿದ. ದನಿಯ ಕೆಳಗೆ ಇನ್ನೊಂದು ಸದ್ದು. ಪಚಪಚ. ಹಲ್ಲಿಲ್ಲದ ಬಾಯಿ ಏನನ್ನೋ ಚೀಪುತ್ತಿತ್ತು. ಗುಟುಕು. ಮತ್ತೆ ಪಚಪಚ.

"ಸಾಕು, ನಿಲ್ಸು!"

ಅವಳು ನಿಲ್ಲಿಸಲಿಲ್ಲ. ದನಿ ಕಾಗದ ಹರಿದಂತಾಯಿತು. ಆಮೇಲೆ ಅದೂ ಇಲ್ಲ. ಬರೀ ಪಚಪಚ.

ಅವನು ಓಡಿದ. ಬಾಗಿಲು ತೆರೆದ. ಹಳಸಿದ ಬಾಯಿಯ ನಾತ ಮುಖಕ್ಕೆ ರಾಚಿತು. ದೀಪ ಹಾಕಿದ. ಹೆಂಡತಿಯ ತುಟಿ ಮೈಕಿಗೆ ಅಂಟಿಕೊಂಡಿತ್ತು. ಹಿಡಿದು ಎಳೆದ. ಚರ್ಮ ಸುಲಿದು ಬಂತು. ಒಳಗೆ ನಾಲಿಗೆ ಒಣಗಿದ ಅಂಜೂರದ ಹಾಗೆ ಮುದುರಿತ್ತು. ಬಾಟಲಿಯ ನೀರು ಸುರಿದ. ಒಳಗೆ ಇಳಿಯಲಿಲ್ಲ, ಗಲ್ಲದಿಂದ ಸುರಿದುಹೋಯಿತು. ಅವಳ ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು.

ಬಾಗಿಲಲ್ಲಿ ಬೀಟಕ್ಕ. ಮೈಕಿನ ಮೇಲಿನ ಸ್ಪಂಜು ಊದಿಕೊಂಡು ಹೊಳೆಯುತ್ತಿದ್ದುದನ್ನು ನೋಡಿದಳು.

"ತೊಳೆದುಬಿಟ್ಟೆಯಾ?" ಬೀಟಕ್ಕ ಕೈಲಿದ್ದ ಕೇಬಲ್ ಕೆಳಗಿಟ್ಟಳು. "ನನ್ನ ತಮ್ಮನೂ ನಾತ ತಡೀಲಾರದೆ ತೊಳೆದ. ಹಿಂಗೇ ಒಣಗಿ ಸತ್ತ. ಅವನ ಪ್ರಾಣ ಕುಡಿದ ಮೇಲೇ ಅದು ತಣ್ಣಗಾಗಿದ್ದು."

"ಏನಾದ್ರೂ ಮಾಡಕ್ಕ!"

"ಮಾಟದವನು ಹೇಳಿದ್ದು ಒಂದೇ ದಾರಿ. ಅವಳನ್ನ ಪ್ರೀತಿಸೋರು ಅದನ್ನ ಬಾಯಲ್ಲಿಟ್ಟು ತಮ್ಮ ಎಂಜಲು ಕುಡಿಸಬೇಕು. ಅದು ತಿರುಗಿ ಕೊಟ್ಟಿದ್ದನ್ನ ನುಂಗಬೇಕು." ಅವಳು ತಲೆ ತಗ್ಗಿಸಿದಳು. "ನನ್ನ ಕೈಲಿ ಆಗಲಿಲ್ಲ ಕಣಪ್ಪ. ಅಸಹ್ಯ ಆಯ್ತು. ಒಡಹುಟ್ಟಿದವನಿಗೂ ಮಾಡಲಿಲ್ಲ."

ಚೊಕ್ಕಣ್ಣ ಸ್ಪಂಜನ್ನು ಕಿತ್ತ. ಅದು ಬೆಚ್ಚಗಿತ್ತು. ಮಿಡಿಯುತ್ತಿತ್ತು. ಹೆಂಡತಿಯ ರೆಪ್ಪೆ ಇಳಿಯುತ್ತಿತ್ತು. ಕಣ್ಣು ಮುಚ್ಚಿದ. ಬಾಯಿ ತೆರೆದ.

ತುರುಕಿಕೊಂಡ.

ಅದು ಅಂಗುಳಕ್ಕೆ ಕಚ್ಚಿಕೊಂಡಿತು. ಚೀಪಿತು. ಒಸಡನ್ನು ನೆಕ್ಕಿತು. ನಾಲಿಗೆಯಡಿಗೆ ನುಗ್ಗಿ ಹುಡುಕಿತು. ಕುಡಿದು ಕುಡಿದು ತೇಗಿತು. ಆಮೇಲೆ ಕಕ್ಕಿತು. ಬಿಸಿ. ಲೋಳೆ. ಯಾರುಯಾರದೋ ಬಾಯಿಯ ರುಚಿ, ಸತ್ತವನದೂ ಸೇರಿ. ಕೂದಲು. ಉಗುರು. ಹಲ್ಲು. ಅವನು ನುಂಗಿದ. ಕರುಳೆಲ್ಲ ಬೇಡವೆಂದಿತು. ಮತ್ತೆ ನುಂಗಿದ.

ಹೆಂಡತಿ ಕೆಮ್ಮಿದಳು. ತುಟಿ ಒದ್ದೆಯಾಯಿತು. ಉಸಿರೆಳೆದುಕೊಂಡಳು. ಬೀಟಕ್ಕ ಗೋಡೆಗೊರಗಿ ಅತ್ತಳು.

ಚೊಕ್ಕಣ್ಣ ಸ್ಪಂಜನ್ನು ಉಗಿದ. ಅದು ಹಗುರಾಗಿ, ಹೊಸದರಂತೆ ಶುಭ್ರವಾಗಿ ನೆಲಕ್ಕೆ ಬಿತ್ತು. ಅದರೊಳಗಿದ್ದದ್ದು ಮಾತ್ರ ಅವನ ಬಾಯಿಂದ ಈಚೆಗೆ ಬರಲಿಲ್ಲ. ನಾಲಿಗೆಯಡಿಯಲ್ಲಿ ಮಗ್ಗಲು ಬದಲಿಸಿ ಮಲಗಿತು. ಆದರೂ ಅವನಿಗೆ ನೆಮ್ಮದಿ. ಅವಳು ಬದುಕಿದ್ದಳು. ತಬ್ಬಿಕೊಳ್ಳಲು ಬಾಗಿ, ನಾನಿದ್ದೀನಿ ಅನ್ನಲು ಬಾಯಿ ತೆರೆದ.

ನಾತ ಕೋಣೆಯನ್ನೆಲ್ಲ ತುಂಬಿತು. ಕಂದು ಎಳೆಯೊಂದು ಅವನ ತುಟಿಯಿಂದ ಇಳಿದು ಅವಳ ಕೆನ್ನೆಗೆ ತಾಗಿತು.

ಅವಳು ಅವನ ಎದೆಗೆ ಕೈಯಿಟ್ಟು ಶಕ್ತಿಯಿದ್ದಷ್ಟೂ ನೂಕಿದಳು. ಮೂಲೆಗೆ ಸರಿದು, ಕೆನ್ನೆಯನ್ನು ಸೆರಗಿನಿಂದ ಉಜ್ಜಿಕೊಳ್ಳುತ್ತ, ಹಳೆಯ ದಿನಗಳದ್ದೇ ತುಂಬು ದನಿಯಲ್ಲಿ, ಎಲ್ಲಿಯೂ ಒಡೆಯದೆ ಹೇಳಿದಳು:

"ಥೂ! ಹತ್ತಿರ ಬರಬೇಡ."