ಸೋಂಪಿನ ಕುಟ್ಟಾಣಿ

ಕರೆಂಟ್ ಹೋಯಿತೆಂದು ಇರಾಯ್ದಾ ಪಕ್ಕದ ಮನೆಯಿಂದ ಮೋಂಬತ್ತಿ ಇಸಕೊಂಡು ಬರುವಷ್ಟರಲ್ಲಿ ಅವಳ ಅಡುಗೆಮನೆಯಿಂದ ಟಕ್ ಟಕ್ ಸದ್ದು ಕೇಳಿಸುತ್ತಿತ್ತು. ಸದ್ದಿನ ಹಿಂದೆಯೇ ಬೆಳ್ಳುಳ್ಳಿಯ ಘಾಟು.

ಹೊಸ್ತಿಲಲ್ಲೇ ಅವಳ ಕಾಲು ನಿಂತಿತು.

ಕಿಟಕಿಯಲ್ಲಿ ಉಳಿದಿದ್ದ ಮುಸ್ಸಂಜೆಯ ಚೂರು ಬೆಳಕಿನಲ್ಲಿ ಲೈನ್‌ಮನ್ ಅನ್ಸೆಲ್ಮೊ ಅಂಗಿಯ ತೋಳು ಮಡಚಿ, ಮರದ ಕುಟ್ಟಾಣಿಯನ್ನು ಎದೆಗೆ ಒತ್ತಿ ಹಿಡಿದು, ಮಗುವಿನ ಬೆನ್ನು ತಟ್ಟುವವನಷ್ಟು ಅಕ್ಕರೆಯಿಂದ ಬೆಳ್ಳುಳ್ಳಿ ಕುಟ್ಟುತ್ತಿದ್ದ.

"ಬಂದ್ರಾ? ನೀವು ಬರೋದ್ರೊಳಗೆ ಒಂದು ಕೆಲಸ ಮುಗಿಸಿಬಿಟ್ಟೆ," ಎಂದ ಹೆಮ್ಮೆಯಿಂದ.

"ಅದು ಯಾವ ಕುಟ್ಟಾಣಿ?"

"ಯಾವುದು ಅಂದ್ರೆ? ಕುಟ್ಟಾಣಿ."

ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡು ತಲೆಕೆಳಗು ಮಾಡಿದಳು. ಕುಟ್ಟಿದ ಬೆಳ್ಳುಳ್ಳಿ ಪಟಕ್ಕನೆ ನೆಲಕ್ಕೆ ಬಿತ್ತು. ಮೋಂಬತ್ತಿ ಹತ್ತಿರ ಹಿಡಿದರೆ, ಅಡಿಯಲ್ಲಿ ಕಾದ ಮೊಳೆಯಿಂದ ಸುಟ್ಟು ಮಾಡಿದ ಪುಟ್ಟ ಉಂಗುರದ ಗುರುತು. ಅಮ್ಮ ಹಾಕಿದ ಗುರುತು.

"ಅಯ್ಯೋ ದೇವರೇ," ಎಂದಳು ಇರಾಯ್ದಾ. "ಸಿಹಿದು! ಸಿಹಿ ಕುಟ್ಟಾಣಿಗೆ ಬೆಳ್ಳುಳ್ಳಿ ಹಾಕಿದೀರಲ್ರೀ!"

ಚಂಡಮಾರುತ ಬಂದು ಹೋಗಿ ತಿಂಗಳುಗಳೇ ಕಳೆದಿದ್ದವು. ದ್ವೀಪದ ನಡುವಿನ ಹಯೂಯಾ ಊರಿನ ಬೆಟ್ಟಗಳ ಈ ಬೀದಿಗೆ ಕರೆಂಟ್ ಬಂದದ್ದು ಹಿಂದಿನ ವಾರವಷ್ಟೇ. ಬಂದರೂ ಮನಸ್ಸಾದಾಗ ಬರುತ್ತಿತ್ತು, ಮನಸ್ಸಾದಾಗ ಹೋಗುತ್ತಿತ್ತು. ಅದನ್ನು ತಂದುಕೊಟ್ಟ ಲೈನ್‌ಮನ್‌ಗಳಿಗೆ ಬೀದಿಯವರೆಲ್ಲ ಸರದಿಯ ಮೇಲೆ ಊಟ ಹಾಕುತ್ತಿದ್ದರು. ಇವತ್ತು ಇರಾಯ್ದಾಳ ಸರದಿ. ಹುರಿದ ಬಾಳೆಕಾಯಿಯನ್ನು ಬೆಳ್ಳುಳ್ಳಿ ಜೊತೆ ಕುಟ್ಟಿ ಮೊಫೊಂಗೊ ಮಾಡುವುದೆಂದು ಎಲ್ಲ ಹೊಂದಿಸಿಟ್ಟಿದ್ದಳು. ಉಳಿದವರು ಜಗಲಿಯಲ್ಲಿ ಕೂತು ಡಾಮಿನೋ ಆಡುತ್ತಿದ್ದರೆ ಇವನೊಬ್ಬ ಮಾತ್ರ ಸಹಾಯಕ್ಕೆಂದು ಒಳಗೆ ಬಂದಿದ್ದ.

ಆ ಮನೆಯಲ್ಲಿ ಎಲ್ಲವೂ ಬೇರೆ ಬೇರೆ. ಮೀನಿಗೊಂದು ಮಣೆ, ಹಣ್ಣಿಗೊಂದು ಮಣೆ. ಕೆಂಪು ದಾರ ಕಟ್ಟಿದ ಮರದ ಸೌಟು ಸಿಹಿಗೆ, ದಾರವಿಲ್ಲದ್ದು ಸಾರಿಗೆ. ಕುಟ್ಟಾಣಿಗಳು ಎರಡು. ಒಂದೇ ಗುವಾಯಾಕಾನ್ ಮರದ ದಿಮ್ಮಿಯಿಂದ ತಾತ ಕೆತ್ತಿದ ಜೋಡಿ, ಅವಳಿಗಳಂತೆ. ಒಂದರಲ್ಲಿ ಬೆಳ್ಳುಳ್ಳಿ. ಇನ್ನೊಂದರಲ್ಲಿ ಸೋಂಪು, ಲವಂಗ, ಚಕ್ಕೆ ಬಿಟ್ಟು ಬೇರೇನೂ ಬಿದ್ದದ್ದೇ ಇಲ್ಲ.

ಅಮ್ಮ ಹೋದ ಮೇಲೆ ಬಟ್ಟೆಗಳನ್ನು ಹಂಚಿದ್ದಾಯಿತು. ದಿಂಬಿನಲ್ಲಿದ್ದ ಕೂದಲೆಣ್ಣೆಯ ವಾಸನೆ ಒಂದು ಮಳೆಗಾಲಕ್ಕೇ ಹಾರಿಹೋಯಿತು. ಈ ಮರದ ಬಟ್ಟಲು ಮಾತ್ರ ಅಮ್ಮನನ್ನು ಬಿಟ್ಟುಕೊಟ್ಟಿರಲಿಲ್ಲ. ಮೂಗು ಒಳಗಿಟ್ಟರೆ ಸಾಕು, ಅಮ್ಮ ಗುಡ್ ಫ್ರೈಡೇ ಬೆಳಿಗ್ಗೆ ಒಲೆ ಮುಂದೆ ನಿಂತು ತೆಂಗಿನಹಾಲಿನಲ್ಲಿ ಸಿಹಿ ಅನ್ನ ಕದಡುತ್ತಿರುತ್ತಿದ್ದಳು.

ಇದನ್ನೆಲ್ಲ ಅವನಿಗೆ ಹೇಳಬೇಕೆಂದಿರಲಿಲ್ಲ. ಸಿಟ್ಟಿನಲ್ಲಿ ಹೇಳಿಬಿಟ್ಟಳು.

ಅನ್ಸೆಲ್ಮೊ ನೆಲದ ಬೆಳ್ಳುಳ್ಳಿಯನ್ನು ನೋಡಿದ. ಅವಳನ್ನು ನೋಡಿದ. "ನಮ್ಮ ಮನೇಲಿ ಎಲ್ಲದಕ್ಕೂ ಒಂದೇ ಇತ್ತು," ಎಂದ ಮೆಲ್ಲಗೆ. "ನಾನು ಸರಿ ಮಾಡಿಕೊಡ್ತೀನಿ. ಗುಡ್ ಫ್ರೈಡೇ ಒಳಗೆ."

"ಹೇಗೆ? ಕಂಬ ಹತ್ತಿ ಸರಿಮಾಡ್ತೀರಾ?"

"ನೀವು ಹೇಳಿಕೊಡಿ. ಹೇಳಿದ ಹಾಗೆ ಮಾಡ್ತೀನಿ."

ಬೇಲಿಯಾಚೆಯಿಂದ ದೋನ್ಯಾ ಪ್ರೊವಿಯ ದನಿ ಬಂತು. ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಪಕ್ಕದ ಮನೆಯ ಆ ಮುದುಕಿಗೆ ಕಣ್ಣು ಮಂದ, ಕಿವಿ ಮಾತ್ರ ಚುರುಕು. "ಮಗಳೇ, ಆ ಹುಡುಗನ್ನ ಬೈಬೇಡ! ನನ್ನ ಫ್ರಿಜ್‌ಗೆ ಜೀವ ಕೊಟ್ಟವನು ಅವನು!"

ಅದೇ ಕಷ್ಟ. ಇಡೀ ಬೀದಿ ಅವನನ್ನು ಸಂತನ ಹಾಗೆ ನೋಡುತ್ತಿತ್ತು. ಸಂತನನ್ನು ಬೈಯುವವಳು ತಾನೊಬ್ಬಳೇ.

ಮಾರನೇ ಸಂಜೆ ಇರಾಯ್ದಾ ಶಾಲೆಯಲ್ಲಿ ಪಾಠ ಮುಗಿಸಿ ಬಂದಾಗ ಅವನು ಆಗಲೇ ಹಿತ್ತಲಿನಲ್ಲಿದ್ದ. ಮುಂದೆ ನೊರೆ ತುಂಬಿದ ಬಕೆಟ್. ಒಂದು ಕೈಯಲ್ಲಿ ಪಾತ್ರೆ ತೊಳೆಯುವ ಸೋಪು, ಇನ್ನೊಂದರಲ್ಲಿ ಅಮ್ಮನ ಕುಟ್ಟಾಣಿ.

"ನಿಲ್ಲಿಸ್ರೀ! ಅದರಲ್ಲಿ ಮುಳುಗಿಸಿದ್ರೆ ನೋಡಿ!"

ಅವನ ಕೈ ಗಾಳಿಯಲ್ಲೇ ನಿಂತಿತು. "ತೊಳೆಯೋದು ಬೇಡ್ವಾ?"

"ಅದು ಮರ ಕಣ್ರೀ, ಪ್ಯಾಂಟಲ್ಲ! ಸೋಪನ್ನೂ ಕುಡಿಯತ್ತೆ. ಆಮೇಲೆ ಬೆಳ್ಳುಳ್ಳಿ ಜೊತೆಗೆ ನೊರೇನೂ ತಿನ್ನಬೇಕು. ನೆನೆಸಿದ್ರೆ ಊದ್ಕೊಳತ್ತೆ, ಒಣಗಿದಾಗ ಸೀಳು ಬಿಡತ್ತೆ. ಇಷ್ಟೂ ಗೊತ್ತಿಲ್ವಾ?"

"ನಂಗೆ ಗೊತ್ತಿರೋದು ತಂತಿ."

"ತಂತಿಯನ್ನ ನೆನೆಸ್ತೀರಾ?"

"ಇಲ್ಲ."

"ಹಾಗೇ ಇದನ್ನೂ ನೆನೆಸಬೇಡಿ."

ಅವಳು ಕಲ್ಲುಪ್ಪು ತಂದಳು, ನಿಂಬೆಹಣ್ಣು ಹೆಚ್ಚಿದಳು. ಉಪ್ಪು ಉದುರಿಸಿ, ನಿಂಬೆಯ ಹೋಳನ್ನು ಮಗುಚಿ ಹಿಡಿದು ಸುತ್ತ ಉಜ್ಜಬೇಕು. ಬೆಚ್ಚನೆ ನೀರಿನಲ್ಲಿ ಬೇಗ ಜಾಲಿಸಿ, ಕೂಡಲೇ ಒರೆಸಿ, ನೆರಳಿನಲ್ಲಿ ಓರೆಯಾಗಿ ಒರಗಿಸಬೇಕು. ಬಿಸಿಲಿಗಿಟ್ಟರೆ ಮರ ಸಿಡಿಯುತ್ತದೆ. ಒಣಗಿದ ಮೇಲೆ ಒಂದು ಹಿಡಿ ಹಸಿ ಅಕ್ಕಿ ಕುಟ್ಟಿ ಚೆಲ್ಲಬೇಕು. ಅಕ್ಕಿ ವಾಸನೆಯನ್ನು ಹೊತ್ತುಕೊಂಡು ಹೋಗುತ್ತದೆ. ಇಷ್ಟನ್ನೂ ದಿನಾ ಮಾಡಬೇಕು, ವಾಸನೆ ಹೋಗುವವರೆಗೆ.

"ದಿನಾ?" ಎಂದು ಕೇಳಿದ ಅನ್ಸೆಲ್ಮೊ. ದನಿಯಲ್ಲಿ ಬೇಸರ ಇರಬೇಕಿತ್ತು. ಇರಲಿಲ್ಲ. ಅದನ್ನು ಗಮನಿಸಿದ್ದಕ್ಕೆ ಇರಾಯ್ದಾಗೆ ತನ್ನ ಮೇಲೇ ಸಿಟ್ಟು ಬಂತು.

ನಿಂಬೆರಸ ಅವನ ಕೈಯ ಗೀರುಗಳಿಗೆ ತಾಗಿ ಉರಿಯುತ್ತಿತ್ತು. ಅವನು ಸೊರ್ ಎಂದು ಉಸಿರೆಳೆದುಕೊಂಡು ನಕ್ಕ. ಅವಳು ಆ ಕೈಯನ್ನು ನೋಡಲಿಲ್ಲ. ಒಂದು ಸಲ ನೋಡಿದಳು. ಅವಳು ನೋಡಿದ್ದನ್ನು ಅವನು ನೋಡಿಬಿಟ್ಟ. ಅವಳು ಬಕೆಟ್ಟಿನ ನೀರನ್ನು ಬಾಳೆಗಿಡದ ಬುಡಕ್ಕೆ ಚೆಲ್ಲಿದಳು.

"ಸೋಪು ನೀರು," ಎಂದ ಅವನು. "ಬಾಳೆಕಾಯಲ್ಲೂ ನೊರೆ ಬರತ್ತೆ ಈಗ."

"ಬಾಯ್ಮುಚ್ಚಿ ಉಜ್ರೀ."

ಹೀಗೆ ಸಂಜೆಗಳು ಶುರುವಾದವು. ಕೆಲಸ ಮುಗಿಸಿ ಅವನು ಜೇಬಿನಲ್ಲಿ ನಿಂಬೆಹಣ್ಣು ಉಬ್ಬಿಸಿಕೊಂಡು ಬರುತ್ತಿದ್ದ. ಉಜ್ಜುವುದು, ಒರೆಸುವುದು, ಅಕ್ಕಿ ಕುಟ್ಟುವುದು. ಕೊನೆಯಲ್ಲಿ ಇಬ್ಬರೂ ಸರದಿಯಲ್ಲಿ ಮೂಸುವುದು. ಮೊದಮೊದಲು ಬೆಳ್ಳುಳ್ಳಿ ಮೂಗಿಗೆ ಬಡಿಯುತ್ತಿತ್ತು. ಆಮೇಲೆ ಮೂಲೆಯಲ್ಲಿ ಅಡಗಿ ಕೂತ ಹಾಗೆ. ಆಮೇಲೆ ಹುಡುಕಿದರೆ ಮಾತ್ರ.

ಬಂದವನು ಸುಮ್ಮನಿರುತ್ತಲೂ ಇರಲಿಲ್ಲ. ಒಂದು ದಿನ ಮೀನಿನ ಮಣೆಯ ಮೇಲೆ ಪಪ್ಪಾಯಿ ಹೆಚ್ಚಿಟ್ಟ. ಇನ್ನೊಂದು ದಿನ ಕೆಂಪು ದಾರದ ಸೌಟನ್ನು ಅವರೆಕಾಳಿನ ಸಾರಿಗೆ ಹಾಕಲು ಹೋಗಿ, ಅವಳ ಮುಖ ನೋಡಿ, ಅಲ್ಲೇ ನಿಲ್ಲಿಸಿದ.

"ದಾರ ಕಾಣಿಸಲ್ವಾ?"

"ಕಾಣಿಸ್ತು. ನಿಮ್ಮ ಮುಖ ನೋಡೋಣ ಅಂತ."

"ನನ್ನ ಮುಖದಲ್ಲೇನಿದೆ?"

"ಕೋಪ ಬಂದಾಗ ಎಡಗಡೆ ಹುಬ್ಬು ಒಂದೇ ಮೇಲೆ ಹೋಗತ್ತೆ. ಬಲಗಡೇದು ಅಲ್ಲೇ ಇರತ್ತೆ, ತನಗೆ ಸಂಬಂಧ ಇಲ್ಲ ಅನ್ನೋ ಹಾಗೆ."

ಆ ರಾತ್ರಿ ಹಲ್ಲುಜ್ಜುವಾಗ ಇರಾಯ್ದಾ ಕನ್ನಡಿಯ ಮುಂದೆ ಹುಬ್ಬೇರಿಸಿ ನೋಡಿದಳು. ನಿಜವೇ. ಇಷ್ಟು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟರೂ ಯಾರೂ ಹೇಳಿರಲಿಲ್ಲ.

ಈಸ್ಟರ್‌ಗೆ ಒಂದು ವಾರ ಮುಂಚಿನ ಪಾಮ್ ಸಂಡೇ ಹತ್ತಿರವಾಯಿತು. ದೋನ್ಯಾ ಪ್ರೊವಿ ಬೇಲಿಗೆ ಒರಗಿ, "ಮಗಳೇ, ನಿಮ್ಮಮ್ಮನ ಕುಟ್ಟಾಣಿಗೆ ಇಷ್ಟೊಂದು ಕಾಯಿಲೆ ಇದ್ರೆ ಡಾಕ್ಟರನ್ನ ಮನೇಲೇ ಇಟ್ಕೋಬಾರ್ದಾ?" ಎಂದಳು.

"ದೋನ್ಯಾ ಪ್ರೊವಿ, ನಿಮ್ಮ ಒಲೆ ಮೇಲೆ ಏನೋ ಸೀದ ವಾಸನೆ."

"ನನ್ನ ಒಲೆ ಹಚ್ಚೇ ಇಲ್ಲ," ಎಂದು ಮುದುಕಿ ನಗುತ್ತ ಹೋದಳು.

ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಇರಾಯ್ದಾ ಒಬ್ಬಳೇ ಕುಟ್ಟಾಣಿಯನ್ನು ಎತ್ತಿ ಮೂಸಿದಳು. ಏನೂ ಇಲ್ಲ. ಇನ್ನಷ್ಟು ಆಳಕ್ಕೆ ಉಸಿರೆಳೆದಳು. ಮರದ ಒಳಗೆಲ್ಲಿಂದಲೋ, ತಡವಾಗಿ, ನಾಚಿಕೊಂಡ ಹಾಗೆ ಸೋಂಪು ಎದ್ದು ಬಂತು. ಅದರ ಹಿಂದೆ ಲವಂಗ. ಅದರ ಹಿಂದೆ ಅಮ್ಮ. ಅವಳು ನೆಲದ ಮೇಲೆ ಕೂತು, ಕುಟ್ಟಾಣಿಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಅತ್ತಳು. ಮುಖ ತೊಳೆದಳು. ಸಂಜೆ ಅವನಿಗೆ ವಾಸನೆ ಹೋಯಿತೆಂದು ಹೇಳಿಬಿಡಬೇಕು ಎಂದುಕೊಂಡಳು.

ಅನ್ಸೆಲ್ಮೊ ಬಂದ. ಜೇಬಿನಲ್ಲಿ ನಿಂಬೆ. ಹೆಗಲಿನಲ್ಲಿ ಹಗ್ಗ ಒತ್ತಿದ ಗೆರೆ.

"ಹೋಯ್ತಾ?" ಎಂದು ಕೇಳಿದ.

"ಇಲ್ಲ," ಎಂದಿತು ಅವಳ ಬಾಯಿ. "ಇನ್ನೂ ಇದೆ."

ಅವನು ತೆಗೆದುಕೊಂಡು ಮೂಸಿದ. ಬಟ್ಟಲಿನ ಅಂಚಿನ ಮೇಲಿಂದ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹೌದು," ಎಂದ. "ಇದೆ."

ಅವಳಿಗೆ ರೇಗಿಹೋಯಿತು. ಇಲ್ಲದ್ದನ್ನು ಇದೆ ಅನ್ನುವ ಮೂಗು ಎಂಥ ಮೂಗು? ಇವನು ಕಂಬ ಹತ್ತಿ ತಂತಿ ನೋಡುವುದೂ ಹೀಗೆಯೇ ಏನು? ಮಾರನೇ ದಿನವೂ ಇದೆ ಎಂದಳು. ಅವನೂ ಇದೆ ಎಂದ. ಅದರ ಮಾರನೇ ದಿನವೂ.

ಗುಡ್ ಫ್ರೈಡೇ ವಾರದ ಬುಧವಾರ ಉಜ್ಜುತ್ತಲೇ ಅವನು, "ಈಸ್ಟರ್ ಆದ ಮೇಲೆ ನಮ್ಮ ತಂಡ ಕರಾವಳಿ ಕಡೆ ಹೋಗತ್ತೆ. ಈ ಊರಿನ ಕೆಲಸ ಮುಗೀತಂತೆ," ಎಂದ.

"ಒಳ್ಳೇದಾಯ್ತು," ಎಂದಳು. ಅದು ಬಾಯಿಂದ ಬಿದ್ದ ಕೂಡಲೇ ಹೆಕ್ಕಿಕೊಳ್ಳಬೇಕೆನಿಸಿತು. ಅವನು ಉಜ್ಜುತ್ತಲೇ ಇದ್ದ. ಅವಳು ಕಾಫಿ ತರುತ್ತೇನೆಂದು ಒಳಗೆ ಹೋಗಿ ಸಕ್ಕರೆ ಡಬ್ಬಿಯ ಮುಂದೆ ಸುಮ್ಮನೆ ನಿಂತಳು. ನಾಳೆ ನಿಜ ಹೇಳಿಬಿಡಬೇಕು. ಸಿಹಿ ಅನ್ನಕ್ಕೆ ಹೇಗೂ ಮಸಾಲೆ ಕುಟ್ಟಲೇಬೇಕು.

ಮಾರನೇ ಸಂಜೆ ಅವಳು ಅಕ್ಕಿ ನೆನೆಹಾಕಿ, ತೆಂಗಿನಕಾಯಿ ತುರಿದು, ಶೆಲ್ಫಿನಿಂದ ಕುಟ್ಟಾಣಿ ಇಳಿಸಿದಳು. ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು.

ಬೆಳ್ಳುಳ್ಳಿ.

ಹುಡುಕಬೇಕಾದ್ದಲ್ಲ. ಖಂಡಿತವಾದ, ತಾಜಾ ಬೆಳ್ಳುಳ್ಳಿ. ಕುಟ್ಟುವ ಕೋಲನ್ನು ಎತ್ತಿದರೆ ಅಡಿಯಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು. ಬಿಚ್ಚಿದರೆ ಒಳಗೆ ಒಂದು ಎಸಳು.

ಅದೇ ಹೊತ್ತಿಗೆ ಅನ್ಸೆಲ್ಮೊ ನಿಂಬೆಹಣ್ಣು ಹಿಡಿದು ಒಳಗೆ ಬಂದ. ಅವಳ ಅಂಗೈ ನೋಡಿದ. ನಿಂಬೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನೀನಾ?" ಎಂದಳು. 'ನೀವು' ಎಲ್ಲೋ ಬಿದ್ದುಹೋಗಿತ್ತು.

"ನಾನೇ. ನಿನ್ನೆ ನೀವು ಕಾಫಿ ತರೋಕೆ ಹೋದಾಗ ಇಟ್ಟು, ಮೇಲೆ ಬಟ್ಟೆ ಮುಚ್ಚಿಬಿಟ್ಟೆ."

"ನಮ್ಮಮ್ಮನ ಕುಟ್ಟಾಣಿಗೆ! ಇಷ್ಟು ದಿನ ಉಜ್ಜಿ ಉಜ್ಜಿ, ಮತ್ತೆ ನೀನೇ!"

"ಸಿಪ್ಪೆ ಸುಲಿದಿಲ್ಲ, ನೋಡಿ, ತುದಿ ಮಾತ್ರ ಚಿವುಟಿದೀನಿ. ಮರಕ್ಕೆ ತಾಗಬಾರದು ಅಂತ ಎರಡು ಸುತ್ತು ಬಟ್ಟೆ ಸುತ್ತಿದೀನಿ. ಬಟ್ಟೆ ಒಗೆದದ್ದು."

ಅವಳು ಕುಟ್ಟಾಣಿಗೆ ಮೂಗಿಟ್ಟಳು. ಬೆಳ್ಳುಳ್ಳಿ ಗಂಟಿನ ಜೊತೆಗೇ ಹೊರಗೆ ಬಂದಿತ್ತು. ಒಳಗೆ ಸೋಂಪು ತನ್ನ ಪಾಡಿಗೆ ತಾನಿತ್ತು. ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಆದರೆ ಹುಬ್ಬನ್ನು ಕೆಳಗಿಳಿಸಲಿಲ್ಲ.

"ಯಾಕೆ ಮಾಡಿದೆ?"

"ವಾಸನೆ ಹೋಗಿತ್ತು. ಆದ್ರೂ ನೀವು ಇದೆ ಅಂತಿದ್ರಿ. ನಿನ್ನೆ ನಿಮ್ಮ ಮುಖ ನೋಡಿದ್ರೆ, ನಾಳೆ ಇವರು ವಾಸನೆ ಇಲ್ಲ ಅಂದುಬಿಡ್ತಾರೆ ಅನ್ನಿಸ್ತು." ಅವನು ತಲೆ ಕೆರೆದುಕೊಂಡ. "ನಿಮ್ಮ ಮಾತು ಸುಳ್ಳಾಗೋದು ಬೇಡ ಅಂತ ಇಟ್ಟೆ."

ಇರಾಯ್ದಾ ಎಸಳನ್ನು ಮೇಜಿನ ಮೇಲಿಟ್ಟಳು. ಕಿವಿ ಬಿಸಿಯಾಯಿತು. ಇವನಿಗೆ ಮೊದಲಿನಿಂದ ಗೊತ್ತಿತ್ತು.

"ಗೊತ್ತಿದ್ದೂ ದಿನಾ ಬಂದು ಉಜ್ಜಿದೆ?"

"ಗೊತ್ತಿದ್ದಕ್ಕೇ ಉಜ್ಜಿದೆ. ಮೊದಲು ತಪ್ಪಿಗೆ ಉಜ್ತಿದ್ದೆ. ನೀವು ಇದೆ ಅಂದ ಮೇಲೆ..." ಅವನು ನಿಂಬೆಹಣ್ಣನ್ನು ಮೇಜಿನ ಮೇಲೆ ಉರುಳಿಸಿದ, ಹಿಡಿದುಕೊಂಡ. "ಈ ಊರಿನ ಸಬ್‌ಸ್ಟೇಷನ್‌ನಲ್ಲಿ ಒಂದು ಜಾಗ ಖಾಲಿ ಇದೆ. ಕೇಳಿದೀನಿ. ಕೊಡ್ತೀವಿ ಅಂದ್ರು. ನಿನ್ನೆ ಅದನ್ನೇ ಹೇಳೋಕೆ ಶುರುಮಾಡಿದ್ದು, ನೀವು ಒಳ್ಳೇದಾಯ್ತು ಅಂದುಬಿಟ್ರಿ."

"ಪೂರ್ತಿ ಹೇಳೋಕೇನಾಗಿತ್ತು ನಿಂಗೆ?"

"ನೀವು ಪೂರ್ತಿ ಹೇಳಿದ್ರಾ?"

ಅಷ್ಟರಲ್ಲಿ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ಆರಿತು. ಬೀದಿಯುದ್ದಕ್ಕೂ ನಿಟ್ಟುಸಿರು ಕೇಳಿಸಿತು. ಹಿತ್ತಲಿನಲ್ಲಿ ಕೊಕಿ ಕಪ್ಪೆಗಳು ಇದೇ ಸಮಯ ಎಂದು ದನಿ ಏರಿಸಿದವು.

"ಅನ್ಸೆಲ್ಮೊ!" ಎಂದು ಕೂಗಿದಳು ದೋನ್ಯಾ ಪ್ರೊವಿ. "ನನ್ನ ಫ್ರಿಜ್!"

"ಬರತ್ತೆ ದೋನ್ಯಾ, ತಾನೇ ಬರತ್ತೆ!"

ಕತ್ತಲಲ್ಲಿ ಅವನ ಕೈ ಮೇಜಿನ ಮೇಲೆ ಸರಿದ ಸದ್ದಾಯಿತು. ಮರಕ್ಕೆ ಬೆರಳು ತಗಲಿತು.

"ಮುಟ್ಟಬೇಡ!"

"ಮಸಾಲೆ ಕುಟ್ಟೋಣ ಅಂತ..."

"ಏನೂ ಮುಟ್ಟಬೇಡ. ಮೊದಲು ಕೈ ಕೊಡು ಇಲ್ಲಿ."

ಅವಳು ಅವನ ಕೈ ಹಿಡಿದಳು. ಒರಟಾದ, ನಿಂಬೆಯ ಪರಿಮಳದ ಕೈ. ಕುಟ್ಟಾಣಿಯನ್ನು ಬೋರಲು ಹಾಕಿ, ಅವನ ತೋರುಬೆರಳನ್ನು ಅಡಿಯಲ್ಲಿದ್ದ ಸುಟ್ಟ ಉಂಗುರದ ಮೇಲಿಟ್ಟು, ನಿಧಾನವಾಗಿ ಒಂದು ಸುತ್ತು ಆಡಿಸಿದಳು.

"ಸಿಕ್ತಾ? ಇದು ಸೋಂಪಿನದು. ಇನ್ನೊಂದಕ್ಕೆ ಗುರುತಿಲ್ಲ. ಚೆನ್ನಾಗಿ ನೆನಪಿಟ್ಕೋ. ಕರೆಂಟ್ ಹೋದಾಗೆಲ್ಲ, ಜೀವನಪೂರ್ತಿ, ನಿನಗಿದನ್ನ ಹೇಳ್ತಾ ಕೂರೋಕೆ ನನ್ನಿಂದಾಗಲ್ಲ."



"ಜೀವನಪೂರ್ತಿನಾ?" ಎಂದು ಕೇಳಿದ ಅನ್ಸೆಲ್ಮೊ.

ಅವನ ಬೆರಳು ಇನ್ನೂ ಉಂಗುರದ ಮೇಲೇ ಇತ್ತು. ಅವಳದೂ.

"ಮೊದಲು ಸೋಂಪು ಕುಟ್ಟು," ಎಂದಳು ಇರಾಯ್ದಾ.